ಕೀಬೋರ್ಡಿನೊಳಗಿನ ತಬಲಾದವನು

ನಿವೃತ್ತರಾದವರಿಗೆ ಕೆಲಸವಿಲ್ಲದಿರುವುದು ದೊಡ್ಡ ಕಷ್ಟವಲ್ಲ. ಸಮಯಕ್ಕೆ ಸರಿಯಾಗಿ ನಡೆಯುವ ಒಂದು ಸಂಗತಿಯೂ ಸುತ್ತಮುತ್ತ ಕಾಣದಿರುವುದೇ ಕಷ್ಟ. ಭದ್ರಾವತಿಯ ಕಾರ್ಖಾನೆಯಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡ ದೇಹ ನನ್ನದು. ಶಿವಮೊಗ್ಗದ ವಿದ್ಯಾನಗರದಲ್ಲಿ ನೆಲೆಸಿದ ಮೇಲೆ ಹಾಲಿನವನು, ಪೇಪರಿನವನು, ನಲ್ಲಿಯ ನೀರು ಎಲ್ಲವೂ ತೋಚಿದಾಗ ಬರುವುದನ್ನು ಕಂಡು ಒಳಗೊಳಗೇ ಬೇಯುತ್ತಿದ್ದೆ. ಆಗ ಮನೆಗೆ ಬಂದದ್ದು ಕೀಬೋರ್ಡು.

ನನ್ನ ಹೆಂಡತಿ ಪಾರ್ವತಿ ಬಡಾವಣೆಯ ಭಜನಾ ಮಂಡಳಿಯ ಮುಖ್ಯ ಗಾಯಕಿ. ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಊರು ಬಿಟ್ಟಾಗ, "ನಮ್ಮನೆಯವ್ರು ನುಡಿಸ್ತಾರೆ" ಎಂದು ಆಕೆ ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟಳು. ನಾನು ಅಲ್ಲಿಯವರೆಗೆ ನುಡಿಸಿದ್ದು ಸೈಕಲ್ ಬೆಲ್ಲು ಮಾತ್ರ. ಅವಳ ಮಾತು ಉಳಿಯಬೇಕಾದರೆ ಶ್ರಾವಣದ ಮೊದಲ ಸೋಮವಾರದೊಳಗೆ ಕಲಿಯಲೇಬೇಕಿತ್ತು. ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ನನ್ನ ಹಳೆಯ ಸಹೋದ್ಯೋಗಿ ಸೆಲ್ವರಾಜ್ ಭದ್ರಾವತಿಯಿಂದ ಬಂದು, ಹಾರ್ಮೋನಿಯಂಗಿಂತ ಸುಲಭವೆಂದು ಕೀಬೋರ್ಡು ಕೊಡಿಸಿ ಪಾಠ ಹೇಳಿದ. ಎಡಗೈಯ ಒಂದು ಬೆರಳು ಊರಿದರೆ ಸಾಕು, ತಬಲಾ, ಗಿಟಾರು, ಪಿಟೀಲು ಎಲ್ಲ ಒಟ್ಟಿಗೆ ಡ್ಯೂಟಿಗೆ ಹಾಜರು. ಯಾರಿಗೂ ನೆಗಡಿಯಿಲ್ಲ, ರಜೆ ಅರ್ಜಿಯಿಲ್ಲ. ಪಾರ್ವತಿಯ ಶ್ರುತಿ ಕಪ್ಪು ಕೀಲಿಯ ಮನೆಯದು. ನನ್ನ ದಪ್ಪ ಬೆರಳುಗಳಿಗೆ ಬಿಳಿ ಮನೆಗಳೇ ಸರಿಯಾಗಿ ಸಿಗುತ್ತಿರಲಿಲ್ಲ. ಸೆಲ್ವರಾಜ್ ಟ್ರಾನ್ಸ್‌ಪೋಸ್ ಎಂಬ ಗುಂಡಿ ಒತ್ತಿದ. ಬಿಳಿಯಲ್ಲೇ ನುಡಿಸಿದೆ, ದನಿ ಅವಳ ಶ್ರುತಿಯಲ್ಲಿ ಬಂತು. "ಟ್ರಾನ್ಸ್‌ಫರ್ ಇದ್ದಂಗೆ ಸಾರ್. ಆಳು ಅದೇ, ಊರು ಬೇರೆ" ಎಂದ. ಶಿಫಾರಸಿಲ್ಲದೆ ಆದ ವರ್ಗಾವಣೆಯನ್ನು ನಾನು ಕಂಡದ್ದು ಅದೊಂದೇ. ಎಲ್ಲಕ್ಕಿಂತ ಮೆಚ್ಚಿದ್ದು ಅದರ ತಾಳವನ್ನು. ಒಮ್ಮೆ ಹೊರಟರೆ ಯಾರಿಗೂ ಕಾಯುವುದಿಲ್ಲ. ಇಂಥ ಒಬ್ಬನೇ ಒಬ್ಬ ಕೆಲಸಗಾರ ನನ್ನ ಕೈಕೆಳಗೆ ಸಿಕ್ಕಿದ್ದರೆ ಎಂದು ನಿಟ್ಟುಸಿರು ಬಿಟ್ಟೆ. ಜೊತೆಗೆ ಕೂತು ಅಭ್ಯಾಸ ಮಾಡಲು ಪಾರ್ವತಿಗೆ ಪುರುಸೊತ್ತಿರಲಿಲ್ಲ. ಅದರ ಅಗತ್ಯ ನನಗೂ ಕಾಣಲಿಲ್ಲ.

ಸೋಮವಾರ ಮಂಡಳಿಯಲ್ಲಿ ಮೊದಲ ಹಾಡು ಸೊಗಸಾಗಿ ಮುಗಿಯಿತು. ಎರಡನೆಯದರಲ್ಲಿ ಪಾರ್ವತಿಗೆ ಒಂದು ಸಾಲು ಬಹಳ ಹಿಡಿಸಿತು. ಕಣ್ಣು ಮುಚ್ಚಿ ಅದನ್ನೇ ಎಳೆದಳು. ಹಾಡಿನಲ್ಲಿ ಹಿಂದೆ ಬಿದ್ದ ಮಂಡಳಿಯ ಅಜ್ಜಿಯರು ಬಂದು ಸೇರಲೆಂದು ಇನ್ನಷ್ಟು ಎಳೆದಳು. ನನ್ನ ತಬಲಾ ಅಷ್ಟರಲ್ಲಿ ಮುಂದಿನ ಚರಣ ದಾಟಿತ್ತು. ಆಕೆ ಕಣ್ಣು ಬಿಟ್ಟು ಮೆಲ್ಲಗೆ, "ರೀ, ಆ ತಬಲಾದವ್ನಿಗೆ ಸ್ವಲ್ಪ ನಿಲ್ಲೋಕೆ ಹೇಳ್ರಿ" ಎಂದಳು. ಗಾಬರಿಯಲ್ಲಿ ನಿಲ್ಲಿಸುವ ಗುಂಡಿ ಬಿಟ್ಟು ಪಕ್ಕದ ಎಂಡಿಂಗ್ ಗುಂಡಿ ಒತ್ತಿದೆ. ವಾದ್ಯಗಳೆಲ್ಲ ಸೇರಿ ಆರತಕ್ಷತೆಯ ಕೊನೆಯ ಹಾಡಿನಂತೆ ಭರ್ಜರಿಯಾಗಿ ಮುಕ್ತಾಯ ಹಾಡಿದವು. ಭಜನೆ ಮುಗಿಯಿತೆಂದುಕೊಂಡ ಅಜ್ಜಿಯರು ಎದ್ದು ಕರ್ಪೂರ ಹಚ್ಚಿಬಿಟ್ಟರು. ಮಂಗಳಾರತಿ ಆದ ಮೇಲೆ ಮತ್ತೆ ಭಜನೆಗೆ ಕೂರುವ ಪದ್ಧತಿ ಮಂಡಳಿಯಲ್ಲಿಲ್ಲ. ಪಾರ್ವತಿ ಕಲಿತು ಬಂದಿದ್ದ ಉಳಿದ ಹಾಡುಗಳು ಗಂಟಲಲ್ಲೇ ಉಳಿದವು.

ಕೀಬೋರ್ಡು ಹೊತ್ತು ಮನೆಗೆ ನಡೆದೆವು. ಅವಳು ಕೊಟ್ಟ ಮಾತನ್ನು ನಾನೇ ಕೆಡಿಸಿದೆನೆಂದುಕೊಂಡೆ. ಗೇಟು ತೆಗೆಯುತ್ತಾ ಹೇಳಿದಳು: "ಬರೋ ವಾರಾನೂ ನಿಮ್ಮನ್ನ ಕರ್ಕೊಂಡು ಬಾ ಅಂದ್ರು ಅಜ್ಜಿಯರು. ಸೊಸೆಯಂದ್ರು ನೋಡೋ ಸೀರಿಯಲ್ ಹೊತ್ತಿಗೆ ಅವರು ಮನೆ ಸೇರೋದು ಇದೇ ಮೊದಲಂತೆ. ಬನ್ನಿ, ಆದ್ರೆ ಆ ತಬಲಾದವನನ್ನ ಮನೇಲೇ ಬಿಟ್ಟು ಬನ್ನಿ."

ಅಂದಿನಿಂದ ಬರೀ ಸ್ವರ ನುಡಿಸುತ್ತೇನೆ. ಅವಳು ನಿಂತಲ್ಲಿ ನಿಲ್ಲುತ್ತೇನೆ. ಎಳೆದು ಹಾಡುವ ಆ ಸಾಲು ಎಷ್ಟು ಚೆಂದವೆಂದು ಆಮೇಲಷ್ಟೇ ಕೇಳಿಸಿತು. ಸಮಯಪಾಲನೆಗೆ ಹೆಸರಾದ ನಾನು, ಹೆಂಡತಿಗಿಂತ ಒಂದು ಕ್ಷಣ ತಡವಾಗಿ ಬರುವುದೇ ಸರಿಯಾದ ತಾಳವೆಂದು ಈಗ ಒಪ್ಪಿಕೊಂಡಿದ್ದೇನೆ.