ಅತ್ತೆಯ ಪಾಲಿಗೆ ಬಂದ ಪಿಸ್ತೂಲು

ಕೊಯಮತ್ತೂರಿನಲ್ಲಿ ಹಳೆಯ ಸಾಮಾನಿಗೆ ಬೆಲೆ ಕಟ್ಟುವ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಯಿತು. ಗಡಿಯಾರ, ಗ್ರಾಮಫೋನು, ಕಂಚಿನ ದೀಪ, ಏನೇ ತಂದರೂ ಜನ ಅದರ ಜತೆಗೊಂದು ಕತೆಯನ್ನೂ ತರುತ್ತಾರೆ. ನಾನು ಸಾಮಾನಿಗೆ ಬೆಲೆ ಹೇಳಿದರೆ, ‘ಕತೆಗೂ ಸೇರಿಸಿ ಹೇಳಿ ಸಾರ್’ ಅನ್ನುತ್ತಾರೆ. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇರುತ್ತದೆ. ಕಂಡವರ ಮನೆಯ ಕತೆ ಕೇಳಿ ನಾನು ಬೇಕಾದಷ್ಟು ನಕ್ಕಿದ್ದೇನೆ. ಹೋದ ವರ್ಷ ನಮ್ಮ ಮನೆಯದೇ ಬಂದು ಎದುರಿಗೆ ಕೂತಿತು.

೧. ನುಗ್ಗೆಸೊಪ್ಪಿನ ಕೆಳಗೆ

ಅನ್ನೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ನಮ್ಮಪ್ಪನ ಅಕ್ಕ. ವಯಸ್ಸು ಎಪ್ಪತ್ತಾರು, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು. ಒಂದು ಬೆಳಿಗ್ಗೆ ಜವಳಿ ಅಂಗಡಿಯ ಹಳದಿ ಚೀಲ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಮೇಲೆ ಒಂದು ಹಿಡಿ ನುಗ್ಗೆಸೊಪ್ಪು. ಕೈ ಹಾಕಿ ನೋಡಿದರೆ ಕೆಳಗೆ ಒಂದು ಮೊಳ ಉದ್ದದ ಪಿಸ್ತೂಲು.

ಆ ಪಿಸ್ತೂಲು ನನಗೆ ಗೊತ್ತಿದ್ದದ್ದೇ. ನಮ್ಮ ಅಜ್ಜನ ಅಜ್ಜ ಬಿಳಿಯರ ಸೈನ್ಯದಲ್ಲಿದ್ದು ತಂದದ್ದು. ಆಸ್ತಿ ಪಾಲಾದಾಗ ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಹೊಲ ಹಂಚಿಕೊಂಡು, ‘ಅಕ್ಕ, ನಿನಗೇನು ಬೇಕು?’ ಎಂದು ಬಾಯಿಮಾತಿಗೆ ಕೇಳಿದ್ದರು. ಅತ್ತೆ ದೇವರ ಕೋಣೆಯಲ್ಲಿದ್ದ ಪಿಸ್ತೂಲು ತೋರಿಸಿದರು. ಎಲ್ಲರೂ ನಕ್ಕು ಕೊಟ್ಟುಬಿಟ್ಟರು.

“ಕಣ್ಣು, ಇದನ್ನ ಪೊಲೀಸಿನವರು ಒಯ್ದುಬಿಡ್ತಾರಂತೆ. ಪಕ್ಕದ ಮನೆಯವಳು ಹೇಳಿದಳು. ತಾಯಿಮನೆದು ಅಂತ ನನ್ನ ಹತ್ರ ಇರೋದು ಇದೊಂದೇ. ಹೆಂಗಾದರೂ ಉಳಿಸಿಕೊಡು,” ಎಂದರು ಅತ್ತೆ. ಮುದ್ದಿಗೂ ಕೆಲಸಕ್ಕೂ ನಾನು ಅವರಿಗೆ ‘ಕಣ್ಣು’.

ನಾನು ಕಾನೂನು ವಿವರಿಸಿದೆ. ಹಳೆಯ ಕಾಲದ್ದಾಗಿದ್ದು, ರಿಪೇರಿ ಮಾಡಿದರೂ ಗುಂಡು ಹಾರದಂತಿದ್ದರೆ ಲೈಸೆನ್ಸ್ ಬೇಡ, ಮನೆಯಲ್ಲೇ ಇಟ್ಟುಕೊಳ್ಳಬಹುದು. ಹಾರುವಂತಿದ್ದರೆ ಸ್ಟೇಷನ್ನಿಗೆ ಒಪ್ಪಿಸಬೇಕು. ಹೇಳುತ್ತಾ ಹೇಳುತ್ತಾ ಅತ್ತೆ ಬಂದ ದಾರಿ ನೆನಪಾಯಿತು.

“ಅತ್ತೆ, ಇದನ್ನು ಟೌನ್ ಬಸ್ಸಿನಲ್ಲಿ ತಂದಿರಾ?”

“ಮತ್ತೆ? ಹೆಂಗಸರಿಗೆ ಟಿಕೆಟ್ಟೇ ಇಲ್ಲವಲ್ಲ ಈಗ.”

“ಯಾರಾದರೂ ನೋಡಿದ್ದರೆ?”

“ಕಂಡಕ್ಟರು ಚೀಲ ಮುಟ್ಟಿ, ‘ಏನ್ ಪಾಟಿ, ಇಷ್ಟು ಗಟ್ಟಿಯಾಗಿದೆ?’ ಅಂದ. ‘ತುಪಾಕಿ’ ಅಂದೆ.”

“ಅಯ್ಯೋ! ಆಮೇಲೆ?”

“ನಕ್ಕುಬಿಟ್ಟ. ‘ಅಜ್ಜಿಗೆ ಜಾಗ ಬಿಡ್ರಪ್ಪಾ, ಇಲ್ಲಾಂದ್ರೆ ಸುಟ್ಟುಬಿಡ್ತಾರೆ’ ಅಂತ ಬಸ್ಸಿಗೆಲ್ಲ ಕೂಗಿದ. ಕಣ್ಣು, ಆ ಬಸ್ಸಲ್ಲಿ ನಾನು ಕೂತುಕೊಂಡು ಬಂದಿದ್ದು ಇದೇ ಮೊದಲು.”

೨. ಕೊಂಬಿನ ಬಣ್ಣ

ಪಿಸ್ತೂಲು ಎಲ್ಲಿಯದು, ಯಾರಿಗಾಗಿ ಮಾಡಿದ್ದು ಎಂದು ಗುರುತಿಸಲು ಕಬ್ಬಿಣದ ಮೇಲಿನ ಮುದ್ರೆ ನೋಡಬೇಕು. ಇಲ್ಲಿ ಕಬ್ಬಿಣವೇ ಕಾಣಿಸುತ್ತಿರಲಿಲ್ಲ. ಮೈಯೆಲ್ಲ ಕೆಂಪು, ನಡುವೆ ನೀಲಿ ಪಟ್ಟೆ, ಮೂತಿಗೆ ಹಳದಿ.

ಪೊಂಗಲ್ ಮಾರನೆಯ ದಿನ ನಮ್ಮ ಕಡೆ ದನಗಳ ಹಬ್ಬ. ಎತ್ತು, ಹಸು ಎಲ್ಲಕ್ಕೂ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಾರೆ. ಡಬ್ಬಿಯಲ್ಲಿ ಮಿಕ್ಕ ಬಣ್ಣವನ್ನು ಚೆಲ್ಲಲು ನಮ್ಮ ಮನೆಯವರಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಅದು ಪಿಸ್ತೂಲಿಗೆ.

ನಾನು ಹತ್ತಿಯನ್ನು ಬಣ್ಣ ಕರಗಿಸುವ ಔಷಧದಲ್ಲಿ ಅದ್ದಿ ಒಂದೊಂದೇ ಪದರ ಬಿಡಿಸತೊಡಗಿದೆ. ಅತ್ತೆ ಪಕ್ಕದಲ್ಲಿ ಕೂತು ಕಾಮೆಂಟರಿ ಕೊಡತೊಡಗಿದರು.

“ಈ ಹಸಿರು ಮೋಟು ಬಾಲದ ಎತ್ತಿಂದು. ಆ ವರ್ಷ ಅಂಗಡೀಲಿ ಕೆಂಪು ಸಿಗಲಿಲ್ಲ. ಈ ಬೆಳ್ಳಿ ಬಣ್ಣ ಹಾಯೋ ಹಸುಂದು. ಬಳಿಯೋಕೆ ಹೋದವರನ್ನೆಲ್ಲ ಗುಮ್ಮಿ, ಪೂರ್ತಿ ಡಬ್ಬಿ ತುಪಾಕಿಗೇ ಬಂತು. ಆ ನೀಲಿ... ತಾಳು ಕಣ್ಣು, ಅದನ್ನ ಬಿಡು. ಅದು ನಿಮ್ಮಪ್ಪ ಬಳಿದದ್ದು. ಆರನೇ ಕ್ಲಾಸಲ್ಲಿದ್ದ.”

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಹಿಡಿಯ ಹತ್ತಿರ ಒಂದು ಬೆರಳಗಲ ನೀಲಿಯನ್ನು ಹಾಗೇ ಬಿಟ್ಟೆ. ಬೆಲೆ ಕಟ್ಟುವವನು ಮಾಡುವ ಕೆಲಸವಲ್ಲ ಅದು. ಆದರೂ ಬಿಟ್ಟೆ.

ಅಷ್ಟೆಲ್ಲ ಬಣ್ಣದ ಕೆಳಗೆ ಕಬ್ಬಿಣ ಒಂದಿಷ್ಟೂ ತುಕ್ಕು ಹಿಡಿಯದೆ ಹೊಳೆಯುತ್ತಿತ್ತು. ಕಿರೀಟದ ಮುದ್ರೆ, ಪಕ್ಕದಲ್ಲಿ ಒಂದು ಪಡೆಯ ನಂಬರು. ಪುಸ್ತಕ ತೆಗೆದು ಹೋಲಿಸಿ ನೋಡಿದೆ. ಬಿಳಿಯರ ಕುದುರೆ ಸೈನ್ಯದಲ್ಲಿ ಸಾಮಾನ್ಯ ಸವಾರರಿಗೆ ಕೊಡುತ್ತಿದ್ದ ಪಿಸ್ತೂಲು. ನಮ್ಮ ಮನೆಯಲ್ಲಿ ನಡೆದುಬಂದ ಕತೆಯೇ ಬೇರೆ. ಅಜ್ಜನ ಅಜ್ಜ ಒಬ್ಬ ಬಿಳಿ ಕ್ಯಾಪ್ಟನ್ನನ ಸೊಂಟದಿಂದಲೇ ಇದನ್ನು ಕಿತ್ತುಕೊಂಡನಂತೆ.

“ಹಾಗಾದರೆ ಕಿತ್ತುಕೊಂಡಿದ್ದಲ್ಲವಾ?” ಅತ್ತೆ ಕೇಳಿದರು.

“ಇಲ್ಲ ಅತ್ತೆ. ಸರ್ಕಾರವೇ ಕೊಟ್ಟದ್ದು. ಕೆಲಸ ಬಿಡುವಾಗ ವಾಪಸು ಕೊಡಬೇಕಿತ್ತು.”

ಅತ್ತೆ ಹಿಡಿಯ ನೀಲಿಯನ್ನು ಬೆರಳಲ್ಲಿ ಸವರಿದರು. “ಕಿತ್ತುಕೊಂಡದ್ದು ಅಂತಲೇ ಇರಲಿ ಬಿಡು. ಅದರಲ್ಲಿ ಮರ್ಯಾದೆ ಇತ್ತು.”

೩. ವಂಶದ ಸ್ವತ್ತು

ಸುದ್ದಿ ಪೊಳ್ಳಾಚಿಗೆ ಮುಟ್ಟಿತು. ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಚಿಕ್ಕಪ್ಪ ಮಾರನೆಯ ದಿನವೇ ಎರಡು ಅಚ್ಚು ಬೆಲ್ಲದ ಸಮೇತ ಹಾಜರ್. ಅತ್ತೆಯೂ ಆಗ ನಮ್ಮ ಮನೆಯಲ್ಲೇ ಇದ್ದರು. ಚಿಕ್ಕಪ್ಪ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದಲ್ಲಿ ಇಂಥದ್ದೇ ಪಿಸ್ತೂಲು ಲಕ್ಷಗಟ್ಟಲೆಗೆ ಹೋಯಿತಂತೆ.

“ನೋಡು ಮಗನೇ, ವಂಶದ ಸ್ವತ್ತು ಮನೆ ಬಿಟ್ಟು ಹೋಗಬಾರದು. ಅಕ್ಕ ಇನ್ನೊಂದು ಮನೆ ಸೇರಿದವಳು.”

“ನಲವತ್ತು ವರ್ಷದಿಂದ ಇದು ನನ್ನ ಹತ್ರ ಇತ್ತಲ್ಲಪ್ಪ, ಆಗ ವಂಶ ಎಲ್ಲಿ ಹೋಗಿತ್ತು?” ಎಂದರು ಅತ್ತೆ.

ಜಗಳ ಹತ್ತುವ ಮುಂಚೆ ನಾನು ನಡುವೆ ಬಾಯಿ ಹಾಕಿದೆ. “ಚಿಕ್ಕಪ್ಪ, ನಿಮ್ಮದೇ ಅಂತಿಟ್ಟುಕೊಳ್ಳಿ. ನಾಳೆ ಸ್ಟೇಷನ್ನಿಗೆ ತೋರಿಸೋಕೆ ಹೋಗ್ತಿದ್ದೇವೆ. ಗುಂಡು ಹಾರುತ್ತೆ ಅಂತಾದರೆ, ‘ಲೈಸೆನ್ಸಿಲ್ಲದೆ ಇಷ್ಟು ವರ್ಷ ಇಟ್ಟುಕೊಂಡಿದ್ದೆ’ ಅಂತ ಮಾಲೀಕರು ಸೈನ್ ಹಾಕಬೇಕಾಗುತ್ತೆ. ಎಷ್ಟು ಗಂಟೆಗೆ ಬರ್ತೀರಾ?”

ಚಿಕ್ಕಪ್ಪ ತಟ್ಟನೆ ಎದ್ದು ನಿಂತರು. “ಛೆ ಛೆ, ಅಕ್ಕನ ಪಾಲನ್ನ ನಾನು ಮುಟ್ಟುತ್ತೀನಾ? ಒಡಹುಟ್ಟಿದವಳು!” ಎಂದು ಅತ್ತೆಯ ಕಾಲು ಮುಟ್ಟಿ ಹೊರಟರು. ಗೇಟು ದಾಟಿದ ಮೇಲೆ ತಿರುಗಿ, “ಪೊಲೀಸ್ ಬಿಟ್ಟುಬಿಟ್ಟರೆ ನನಗೊಂದು ಫೋನ್ ಮಾಡು, ಮತ್ತೆ ವಂಶದ ಬಗ್ಗೆ ಮಾತಾಡೋಣ,” ಎಂದರು.

೪. ಮಸಿ

ಸ್ಟೇಷನ್ನಿಗೆ ಹೋಗುವ ಆಟೋದಲ್ಲಿ ಅತ್ತೆ ಚೀಲ ತಬ್ಬಿಕೊಂಡು ಕೂತಿದ್ದರು. ಅರ್ಧ ದಾರಿಯಲ್ಲಿ, “ಕಣ್ಣು, ಇದನ್ನ ಒಂದು ಸಲ ಬಿಚ್ಚಿ ನೋಡಬಾರದಾ?” ಎಂದರು.

“ಬಿಚ್ಚಿದರೆ ಬೆಲೆ ಹೋಗುತ್ತೆ ಅತ್ತೆ. ಈ ಕೆಲಸ ತಿಳಿದವರು ಯಾರೂ ಬಿಚ್ಚೋದಿಲ್ಲ,” ಎಂದೆ ದೊಡ್ಡ ಪಂಡಿತನ ಹಾಗೆ. ಅತ್ತೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು.

ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಬಂದೂಕು ರಿಪೇರಿ ಬಲ್ಲ ಒಬ್ಬ ಹಿರಿಯ ಪೊಲೀಸನನ್ನು ಕರೆಸಿದ್ದರು. ನಾನು ಎರಡು ಪುಟದ ವರದಿ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ನನಗೆ ತುಂಬ ಹಿಡಿಸಿದ ಸಾಲನ್ನು ಗಟ್ಟಿಯಾಗಿ ಓದಿದೆ: “ನಳಿಗೆಯ ಒಳಗೆ ಯುದ್ಧಕಾಲದ ಮದ್ದಿನ ಮಸಿ ಇಂದಿಗೂ ಉಳಿದಿದೆ.”

ಹಿರಿಯ ಪೊಲೀಸು ಎರಡು ಮೊಳೆ ತಳ್ಳಿ, ನಳಿಗೆಯನ್ನು ಮರದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಈ ತುದಿಯಿಂದ ಆ ತುದಿಗೆ ಬೀದಿ ಕಾಣಿಸಿತು. ಮದ್ದು ಕೂರುವ ಹಿಂತುದಿಯಲ್ಲಿ, ಮರದ ಮರೆಗೆ, ಮುಚ್ಚಿರಬೇಕಾದ ಜಾಗದಲ್ಲಿ ಬೆರಳು ತೂರುವಷ್ಟು ತೂತು! ಮಸಿಯನ್ನು ಉಗುರಿನಲ್ಲಿ ಕೆರೆದು ಮೂಸಿ ನೋಡಿ, “ಇದು ಮದ್ದಲ್ಲ ಸಾರ್, ಸೌದೆ ಹೊಗೆ,” ಎಂದ.

ನನ್ನ ವರದಿಯನ್ನು ನಾನು ಮೆಲ್ಲಗೆ ಜೇಬಿಗೆ ಇಳಿಸಿದೆ. ಇಡಿಯಾಗಿದ್ದರೆ ಲಕ್ಷ ದಾಟುತ್ತಿದ್ದ ಬೆಲೆ ಕಣ್ಣೆದುರೇ ಆ ತೂತಿನಲ್ಲಿ ಹೊರಟುಹೋಯಿತು.

“ಇನ್ನು ಇದನ್ನ ಯಾರೂ ರಿಪೇರಿ ಮಾಡೋಕಾಗಲ್ಲ. ಗುಂಡು ಹಾರೋ ಮಾತೇ ಇಲ್ಲ. ಅಮ್ಮ, ಮನೆಗೆ ತಗೊಂಡುಹೋಗಿ. ಕಾಗದ ಬರೆದುಕೊಡ್ತೀನಿ,” ಎಂದರು ಇನ್‌ಸ್ಪೆಕ್ಟರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆಲೆ ಹೋದರೆ ಹೋಗಲಿ, ಅತ್ತೆಯ ಪಾಲು ಅತ್ತೆಗೆ ಉಳಿಯಿತಲ್ಲ.

“ಆದರೆ ಈ ತೂತು ಕೊರೆದವರು ಯಾರು?” ಇನ್‌ಸ್ಪೆಕ್ಟರು ಕೇಳಿದರು.

“ನಮ್ಮಮ್ಮ,” ಎಂದರು ಅತ್ತೆ. “ಮನೆ ಗಂಡಸರಿಗೆ ಹೇಳಕೂಡದು ಅಂತ ನನ್ನ ಕೈಲಿ ಆಣೆ ಮಾಡಿಸಿಕೊಂಡಿದ್ದಳು. ನಾನಾಗಿ ಹೇಳಲಿಲ್ಲ, ನೀವೇ ಕಂಡುಹಿಡಿದಿರಿ. ಪಕ್ಕದ ತೋಟದವರಿಗೂ ನಮಗೂ ಒಂದೇ ಬಾವಿ ಸಾಮಿ. ನೀರಿನ ಸರದಿಗೆ ದಿನಾ ಜಗಳ. ಒಂದು ದಿನ ಅಪ್ಪ ಕೋಪದಲ್ಲಿ ಇದಕ್ಕೆ ಮದ್ದು ತುಂಬೋಕೆ ಹೊರಟರು. ಅವತ್ತು ಮಧ್ಯಾಹ್ನ ಅವರು ಮಲಗಿದ್ದಾಗ ಅಮ್ಮ ಕಮ್ಮಾರನ ಹತ್ರ ಓಡಿಹೋಗಿ ಹಿಂದೆ ತೂತು ಹಾಕಿಸಿಕೊಂಡು ಬಂದಳು. ಕೊರೆಸಿದ್ದು ಸುಮ್ಮನೆ ಯಾಕೆ ಹೋಗಬೇಕು ಅಂತ ಊದುಗೊಳವೆ ಮಾಡಿಕೊಂಡಳು.”

ಇನ್‌ಸ್ಪೆಕ್ಟರ ಪೆನ್ನು ನಿಂತಿತು. “ನಿಮ್ಮಪ್ಪನಿಗೆ ಕೊನೆವರೆಗೂ ಗೊತ್ತಾಗಲೇ ಇಲ್ಲವಾ?”

“ಎಲ್ಲಿ ಗೊತ್ತಾಗುತ್ತೆ? ಬೆಳಗಾಗೆದ್ದು ಅಮ್ಮ ಇದರಲ್ಲಿ ಒಲೆ ಊದಿ ಕಾಫಿ ಕಾಯಿಸಿ, ಮರಕ್ಕೆ ಜೋಡಿಸಿ ಗೂಡಿನಲ್ಲಿಡೋಳು. ಅಪ್ಪ ಆ ಕಾಫಿ ಕುಡಿದು, ಮೀಸೆ ಒರೆಸಿ, ಇದನ್ನೇ ಸೊಂಟಕ್ಕೆ ಸಿಗಿಸಿಕೊಂಡು ಹೋಗಿ ನೀರು ಬಿಡಿಸಿಕೊಂಡು ಬರೋರು. ತೋರಿಸಿದರೇ ಸಾಕಾಗೋದು, ಮದ್ದು ತುಂಬೋ ಪ್ರಮೇಯವೇ ಬರಲಿಲ್ಲ. ಇಪ್ಪತ್ತೆರಡು ವರ್ಷ ಸಾಮಿ! ಊದುಗೊಳವೆಗೆ ಹೆದರಿ ಪಕ್ಕದ ತೋಟದವರು ಒಂದು ದಿನಾನೂ ಸರದಿ ತಪ್ಪಿಸಲಿಲ್ಲ.”