ಹಗೇವಿನಲ್ಲಿ ಸಿಕ್ಕ ಬೀಗರು

"ಇನ್ನು ಒಂದ್ ವರ್ಸ ನಾನು ಈ ಜಗಲಿ ಬುಟ್ಟು ಎಲ್ಲಿಗೂ ಬರೋನಲ್ಲ! ದೇವೇಂದ್ರನೇ ವಿಮಾನ ಕಳ್ಸಿದ್ರೂ ಬರೋನಲ್ಲ! ಬರ್ದಿಟ್ಕೊ!"

ಭೇರ್ಯದ ಪಕ್ಕದ ಹಳ್ಳಿಯ ಚಾಮಯ್ಯನವರು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಂಬ ತಟ್ಟಿ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಎದುರಿಗಿದ್ದದ್ದು ಅವರ ಹೆಂಡತಿ ಪುಟ್ಟಮಾದಮ್ಮ ಮತ್ತು ಕಟ್ಟಿಹಾಕಿದ್ದ ಒಂದು ಎಮ್ಮೆ. ಪುಟ್ಟಮಾದಮ್ಮ ಬರೆದಿಟ್ಟುಕೊಳ್ಳಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಕೇಳಿ ಕೇಳಿ ಆಕೆಗೆ ಅದು ಬಾಯಿಪಾಠವಾಗಿತ್ತು.

ಚಾಮಯ್ಯನವರು ಸೋಮಾರಿಯಲ್ಲ, ಆ ಮಾತು ಯಾರೂ ಆಡುವಂತಿಲ್ಲ. ಆದರೆ ತಮ್ಮ ಗದ್ದೆಯ ಬದು ದಾಟಿದರೆ ಮುಂದೆಲ್ಲ ಅವರಿಗೆ ಪರದೇಶ! ನಾಲೆಯ ನೀರು ತಾನಾಗಿ ಗದ್ದೆಗೆ ಬರುತ್ತದೆ, ಕಬ್ಬು ತಾನಾಗಿ ಲಾರಿ ಹತ್ತಿ ಹೋಗುತ್ತದೆ, ಕ್ಷೌರದವನು ಮನೆಗೇ ಬರುತ್ತಾನೆ. ಇಷ್ಟೆಲ್ಲ ವ್ಯವಸ್ಥೆ ಇರುವಾಗ ಮನುಷ್ಯ ಊರು ಬಿಟ್ಟು ಹೋಗುವುದು ಭಗವಂತನಿಗೆ ಮಾಡುವ ಅವಮಾನ ಎಂಬುದು ಅವರ ಸಿದ್ಧಾಂತ. ಒಂದೇ ಒಂದು ಸಲ ಟೀವಿ ತರಲು ಕೆ.ಆರ್. ನಗರಕ್ಕೆ ಹೋದವರು, ಅಂಗಡಿಯವನು "ಕಾಫಿ ಕುಡೀತೀರಾ" ಅಂದದ್ದಕ್ಕೆ "ಅಯ್ಯೋ, ಕತ್ಲಾಗ್ಬುಡ್ತದೆ" ಎಂದು ಬೆಳಿಗ್ಗೆ ಹನ್ನೊಂದು ಗಂಟೆಗೇ ವಾಪಸು ಓಡಿಬಂದಿದ್ದರು.

ಆದರೆ ಈ ಸಲದ ಪ್ರತಿಜ್ಞೆ ತಮಾಷೆಯದಾಗಿರಲಿಲ್ಲ. ಮಗಳು ಅನುಶ್ರೀಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಮತ್ತು ಅವನ ಅಜ್ಜಿ ಬಿಳಿಕೆರೆಯಲ್ಲಿದ್ದ ಅವಳ ಸೋದರಮಾವನ ಮನೆಗೆ ಬಂದು ಹೆಣ್ಣು ನೋಡಿ ಒಪ್ಪಿದ್ದರು. ಅನುಶ್ರೀಯೂ ಒಪ್ಪಿದ್ದಳು. ಎಷ್ಟು ಒಪ್ಪಿದ್ದಳೆಂದರೆ, ಬಂದ ಮೇಲೆ ಎರಡು ಸಲ ಹಾಲು ಉಕ್ಕಿಸಿದ್ದಳು. ಆ ದಿನವೂ ಚಾಮಯ್ಯನವರು ಬಿಳಿಕೆರೆಗೆ ಹೋಗಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಈಗ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವ ಶಾಸ್ತ್ರ ಬಾಕಿ. ಹುಡುಗನ ಅಜ್ಜಿ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು: ಹೆಣ್ಣಿನ ತಂದೆ ಬಂದು ನಮ್ಮ ಮನೆ ನೋಡದೆ ತಾಂಬೂಲ ಬದಲಾಯಿಸುವುದಿಲ್ಲ, ಈ ಭಾನುವಾರ ತಪ್ಪಿದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ.

"ಮನೆ ತಾನೆ? ಒಂದ್ ಫೋಟೋ ತಗ್ದು ಕಳ್ಸಕ್ಕೇಳು. ಇಲ್ಲೇ ನೋಡ್ತೀನಿ," ಅಂದರು ಚಾಮಯ್ಯನವರು.

"ಬಾವಿನೂ ಫೋಟೋದಲ್ಲೇ ನೋಡ್ತೀರಾ? ಬೀಗ್ರ್ನೂ ಫೋಟೋದಲ್ಲೇ ಮಾತಾಡುಸ್ತೀರಾ?" ಎಂದು ಪುಟ್ಟಮಾದಮ್ಮ ರೇಗಿದಳು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅನುಶ್ರೀ ಅಡುಗೆಮನೆಗೆ ನಡೆದಳು. ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಚಾಮಯ್ಯನವರಿಗೆ ನಿಜಕ್ಕೂ ಸಂಕಟವಾಯಿತು. ಆದರೂ ಕಾಲು ಏಳಲಿಲ್ಲ. ಇನ್ನು ಗಂಡಿನ ಊರು ಯಾವುದೆಂದರೆ, ಹೆಂಡತಿ ಹತ್ತು ಸಲ ಹೇಳಿದ್ದಳು. ಬಸ್ಸು ಹತ್ತಿ ಹೋಗಬೇಕಾದ ಯಾವ ಊರಿನ ಹೆಸರೂ ಅವರ ಕಿವಿಯೊಳಕ್ಕೆ ಇಳಿಯುತ್ತಲೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬಿಳಿಕೆರೆಯಿಂದ ಪುಟ್ಟಮಾದಮ್ಮನ ತಮ್ಮ ಧರ್ಮೇಂದ್ರ ಬಂದ. ಬಂದವನು ಅಕ್ಕನ ಜೊತೆ ಅಡುಗೆಮನೆಯಲ್ಲಿ ಅರ್ಧ ಗಂಟೆ ಗುಸುಗುಸು ಮಾತಾಡಿ, ಆಮೇಲೆ ಜಗಲಿಗೆ ಬಂದು ಭಾವನ ಕಿವಿಯ ಹತ್ತಿರ ಬಾಗಿದ.

"ಭಾವ, ಯಾರ್ಗೂ ಏಳ್ಬೇಡಿ. ಕೋಟೆ ತಾಲ್ಲೂಕ್ ಕಡೆ ನಿಧಿ ಐತೆ! ಹೆಗ್ಗಡೆ ಕಾಲದ್ದು. ಏಳು ಕೊಪ್ಪರಿಗೆ!"

"ಸುಳ್ಳು."

"ಏಳೆಡೆ ಸರ್ಪ ಕಾಯ್ತೈತಂತೆ."

"ಅಂಗಾರೆ ನಿಜ ಇರ್ಬೇಕು ಕಣ್ಲಾ!" ಚಾಮಯ್ಯನವರು ನೆಟ್ಟಗೆ ಕೂತರು.

ಧರ್ಮೇಂದ್ರ ಅಂಗಿಯೊಳಗಿಂದ ಒಂದು ನಕ್ಷೆ ತೆಗೆದ. ಕಾಗದ ಹೊಗೆ ಹಿಡಿದು ಕಂದಾಗಿತ್ತು. ಹಿಂದುಗಡೆ ಏಕಾದಶಿ, ಸಂಕಷ್ಟಿ ಎಂದೆಲ್ಲ ಕಾಣುತ್ತಿದ್ದರೂ ಚಾಮಯ್ಯನವರು ಅದನ್ನು ಮಂತ್ರವೆಂದೇ ತಿಳಿದರು. ನಕ್ಷೆಯಲ್ಲಿ ಪೂರ್ವದಿಕ್ಕಿನ ಬಾಗಿಲ ಒಂದು ಮನೆ, ಮುಂದೆ ಹುಣಸೆಮರ, ಮರದ ಬುಡದಿಂದ ಇಪ್ಪತ್ತೊಂದು ಹೆಜ್ಜೆ, ಅಲ್ಲೊಂದು ಹಾವಿನ ಚಿತ್ರ. ಹಾವು ಎರೆಹುಳದಂತಿತ್ತು, ಆದರೆ ತಲೆ ಏಳೂ ಇದ್ದವು.

"ನಾನ್ ಬರಾಕಿಲ್ಲ. ತಂದು ಇಲ್ಲೇ ಕೊಡು."

"ಜಾತಕದೋರೇ ಬಂದು ತುಳೀಬೇಕಂತೆ ಭಾವ, ನಿಮ್ ನಕ್ಷತ್ರವೇ! ಒಂದ್ ಸಲ ಬಂದ್ಬುಡಿ. ನಿಧಿ ಸಿಕ್ತು ಅನ್ನಿ, ಆಮೇಲೆ ಸೊಸೈಟಿ ಆಫೀಸೇ ನಿಮ್ ಜಗಲಿಗೆ ಬತ್ತದೆ. ಸಾಯೋಗಂಟ ಈ ಕಂಬ ಬುಟ್ಟು ನೀವು ಅಲ್ಲಾಡಂಗಿಲ್ಲ!"

ಈ ಒಂದು ಮಾತಿಗೆ ಚಾಮಯ್ಯನವರು ಸೋತರು. ಎಂದೆಂದಿಗೂ ಮನೆಯಲ್ಲೇ ಇರುವುದಕ್ಕಾಗಿ ಒಂದು ದಿನ ಮನೆ ಬಿಡುವುದು! ತ್ಯಾಗವೆಂದರೆ ಇದೇ ಅಲ್ಲವೇ?

"ಆ ಮನೆಯೋರು ಒಳಕ್ ಬುಡ್ತಾರಾ?" ಎಂದು ಕೇಳಿದರು.

"ಅವ್ರ್ಗೆ ನಿಧಿ ವಿಸ್ಯ ಗೊತ್ತಿಲ್ಲ. ಗಂಡಿನ ಮನೆ ನೋಡಕ್ಕೆ ಬಂದಿವಿ ಅನ್ನಾಣ. ನೀವು ಹೆಣ್ಣಿನ ತಂದೆ ವೇಸ!"

"ನಂಗೆ ವೇಸ ಆಕಕ್ಕೆ ಬರಾಕಿಲ್ಲ ಕಣ್ಲಾ."

"ನಿಮ್ಗೆ ಮಗಳು ಅವ್ಳೆ ತಾನೆ?"

"ಅವ್ಳೆ."

"ಅಷ್ಟೇಯ ವೇಸ!"

ಒಳಗಿದ್ದ ಪುಟ್ಟಮಾದಮ್ಮನಿಗೆ ಅದೇಕೋ ಜೋರಾಗಿ ಕೆಮ್ಮು ಬಂತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ, ಹೆಗಲಿಗೆ ಹೊಸ ವಲ್ಲಿ, ಒಂದು ಚೀಲ ಹಣ್ಣು-ಕಾಯಿ-ಎಲೆ-ಅಡಿಕೆ ಎಲ್ಲವೂ ಸಿದ್ಧವಾಗಿ ಕಾಯುತ್ತಿದ್ದವು. ಯಾಕೆ ಎಂದು ಚಾಮಯ್ಯನವರು ಕೇಳಲಿಲ್ಲ. ನಿಧಿಗೆ ಹೊರಟವರು ಪಂಚೆಯ ಪೂರ್ವಾಪರ ವಿಚಾರಿಸುವುದಿಲ್ಲ.

ಬಸ್ಸು ಬಿಳಿಕೆರೆಯಲ್ಲಿ ನಿಂತಾಗ "ಇದೇನ್ಲಾ ಕೋಟೆ?" ಅಂದರು. ಹುಣಸೂರಿನಲ್ಲಿ ಇಳಿದಾಗ "ಇದೇನ್ಲಾ ಕೋಟೆ?" ಅಂದರು. ಹುಣಸೂರಿನಿಂದ ಮುಂದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಒಣಗಿಸುವ ಬ್ಯಾರನ್ನುಗಳು, ಕಾಡಿನಂಚು, ಹತ್ತಿ, ಜೋಳ, ಎಲ್ಲ ಸರಸರ ಹಿಂದಕ್ಕೆ ಓಡುತ್ತಿದ್ದವು. ಚಾಮಯ್ಯನವರು ಬಾಯಿ ತೆರೆದು ನೋಡಿದರು. ಖುಷಿಯಾಯಿತು! ಧರ್ಮೇಂದ್ರನಿಗೆ ಗೊತ್ತಾಗಬಾರದೆಂದು ಮುಖವನ್ನು ಮಾತ್ರ ಗಂಟು ಹಾಕಿಕೊಂಡೇ ಇದ್ದರು.

ಕೋಟೆ ದಾಟಿ ಇನ್ನೊಂದು ಹಳ್ಳಿಯಲ್ಲಿ ಇಳಿದು ನಡೆದರೆ, ನಕ್ಷೆಯಲ್ಲಿದ್ದ ಮನೆ ನಕ್ಷೆಯಲ್ಲಿದ್ದ ಹಾಗೇ ನಿಂತಿತ್ತು! ಪೂರ್ವದ ಬಾಗಿಲು, ಮುಂದೆ ಹುಣಸೆಮರ. ಬಾಗಿಲಲ್ಲಿ ಮನೆಯ ಯಜಮಾನಿ ಕುಳ್ಳಮ್ಮಜ್ಜಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಅವಳ ಹಿಂದೆ ಮೊಮ್ಮಗ ಶಿವಶಂಕರ, ಎತ್ತರದ, ನಾಚಿಕೆಯ ಹುಡುಗ.

"ಬನ್ನಿ ಬನ್ನಿ, ಬತ್ತೀರೋ ಇಲ್ವೋ ಅಂತಿದ್ದೆ. ಮನೆ ನೋಡಿ."

"ನೋಡ್ತೀನಿ! ಪೂರ್ತಿ ನೋಡ್ತೀನಿ!" ಅಂದರು ಚಾಮಯ್ಯನವರು ಧರ್ಮೇಂದ್ರನತ್ತ ಕಣ್ಣು ಮಿಟುಕಿಸಿ.

ಹಾಗೆಯೇ ನೋಡಿದರು! ಅಂಥ ನೋಟ ಯಾವ ಗಂಡಿನ ಮನೆಯೂ ಕಂಡಿರಲಿಕ್ಕಿಲ್ಲ. ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ಒರಳುಕಲ್ಲನ್ನು ಅಲುಗಾಡಿಸಿ ಅಡಿಯಲ್ಲಿ ಇಣುಕಿದರು. ಅಟ್ಟ ಹತ್ತಿ, ಮೂರು ಸಲ ಸೀನಿ ಇಳಿದರು. ಕೊಟ್ಟಿಗೆಯ ನೆಲದ ಮಣ್ಣನ್ನು ಚಿಟಿಕೆ ತೆಗೆದು ಮೂಸಿದರು. "ಈ ಮನೆ ಕಟ್ಟಿ ಎಷ್ಟ್ ವರ್ಸ ಆತು? ಕಟ್ಸಿದ್ದು ಯಾರು? ಅವ್ರು ಸಾಯೋವಾಗ ಏನಾರ ಕೈ ತೋರ್ಸಿದ್ರಾ?" ಎಂದು ವಿಚಾರಿಸಿದರು.

ಕುಳ್ಳಮ್ಮಜ್ಜಿ ಬೆರಗಾದಳು. "ಇಂಥ ಬೀಗ್ರ ನಾ ಕಂಡಿಲ್ಲ ಕಣಪ್ಪ. ಮನೆ ನೋಡಕ್ಕೆ ಬಂದೋರು ಟೀವಿ ನೋಡ್ತಾರೆ, ಬೀರು ನೋಡ್ತಾರೆ. ಇವ್ರು ಗ್ವಾಡೆ ನೋಡ್ತಾರೆ! ಎಷ್ಟ್ ಮುದ್ದಾಗಿ ಸಾಕವ್ರೋ ಮಗಳ!"

ಊಟಕ್ಕೆ ಮುದ್ದೆ, ಬಸ್ಸಾರು, ಒಬ್ಬಟ್ಟು. ಅಜ್ಜಿ ತಾನೇ ತುಪ್ಪ ಹಾಕುತ್ತ ಕೇಳಿದಳು: "ನಿಮ್ ಮಗಳ್ಗೆ ಮುದ್ದೆ ಸೇರ್ತದೋ, ಅನ್ನವೋ? ಏಳ್ಬುಡಿ. ಬಂದ್ ಮಗ ಮೊದಲ್ನೇ ದಿನವೇ ಅಸ್ಕೊಂಡು ಮಲಗ್ಬಾರ್ದು ನೋಡಿ."

ಚಾಮಯ್ಯನವರ ಕೈ ಎಲೆಯ ಮೇಲೇ ನಿಂತಿತು. ಅನುಶ್ರೀ ಯಾವುದನ್ನು ಇಷ್ಟಪಟ್ಟು ತಿನ್ನುತ್ತಾಳೆ ಎಂದು ಈವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಎದೆ ತುಂಬಿ ಬಂತು. ಅಯ್ಯೋ, ಇಂಥ ಮನೆ ನನ್ನ ಮಗಳಿಗೆ ನಿಜವಾಗಿ ಸಿಗಬಾರದಾ! ನಾನು ನೋಡಿದರೆ ಇವರ ಎಲೆಯಲ್ಲಿ ಉಂಡು ಇವರ ನೆಲ ಅಗೆಯಲು ಬಂದವನು! ಒಬ್ಬಟ್ಟು ರುಚಿಯಾಗಿಯೂ ಇತ್ತು, ಚುಚ್ಚಿಯೂ ಚುಚ್ಚಿತು. ಆದರೂ ನಾಲ್ಕು ತಿಂದರು.

ಊಟವಾದ ಮೇಲೆ ಧರ್ಮೇಂದ್ರ ಪಡಸಾಲೆಯಲ್ಲಿ ಗೊರಕೆ ಹೊಡೆಯತೊಡಗಿದ. ಅಜ್ಜಿ ತಾಂಬೂಲದ ತಟ್ಟೆ ಜೋಡಿಸಲು ಒಳಗೆ ಹೋದಳು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಎಲ್ಲ ಮುಗಿಯಬೇಕು ಎಂದು ಅವಳ ಅವಸರ. ಚಾಮಯ್ಯನವರು ಮೆಲ್ಲಗೆ ಅಂಗಳಕ್ಕೆ ಬಂದರು. ಅಗೆಯುವುದು ಬೇಡ, ಬರೀ ನೋಡಿ ಬಿಟ್ಟುಬಿಡೋಣ ಎಂದು ತೀರ್ಮಾನಿಸಿ, ಹುಣಸೆಮರದ ಬುಡದಿಂದ ಎಣಿಸಿದರು. ಒಂದು, ಎರಡು... ಇಪ್ಪತ್ತೊಂದು! ಕಾಲು ಕುಟ್ಟಿದರು. ಟೊಳ್ಳು ಸದ್ದು! ಇನ್ನೊಂದು ಸಲ ಜೋರಾಗಿ ಕುಟ್ಟಿದರು. ಧಡ್!

ಕಾಲಡಿಯ ಮಣ್ಣಿನೊಳಗಿದ್ದ ಚಪ್ಪಡಿ ಮುರಿದು ಚಾಮಯ್ಯನವರು ಭೂಮಿಗೆ ಇಳಿದರು. ಪೂರ್ತಿ ಇಳಿಯಲಿಲ್ಲ. ಅದು ಹಗೇವು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಕಿರಿದು, ಒಳಗೆ ವಿಶಾಲ. ಪುಟ್ಟಮಾದಮ್ಮನ ಕೈಯ ಮುದ್ದೆಯಲ್ಲಿ ಬೆಳೆದ ಹೊಟ್ಟೆ ಆ ಬಾಯಿಗೆ ಬಿರಡೆಯಂತೆ ಕೂತಿತು. ಮೇಲೆ ಅರ್ಧ ಬೀಗರು, ಕೆಳಗೆ ಅರ್ಧ ಬೀಗರು! ಕೆಳಗಿನ ಅರ್ಧದ ಪಾದಗಳು ಏನನ್ನೋ ಮುಟ್ಟಿದವು. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಗುಂಡುಗಳು ಜಾರಿದವು.

"ಮುತ್ತು! ಮುತ್ತು ಕಣ್ಲಾ ಧರ್ಮ!" ಎಂದು ಕೂಗಿದರು. ಮರುಗಳಿಗೆಗೆ ಏಳು ಹೆಡೆ ನೆನಪಾಗಿ "ಅಯ್ಯಯ್ಯೋ, ಎಳೀರ್ಲಾ!" ಎಂದು ಇನ್ನೂ ಜೋರಾಗಿ ಕೂಗಿದರು.

ಮನೆಮಂದಿಯೆಲ್ಲ ಓಡಿಬಂದರು. ಶಿವಶಂಕರ ಎತ್ತಿನ ಹಗ್ಗ ತಂದ. ಆದರೆ ಕುಳ್ಳಮ್ಮಜ್ಜಿ ಕೈಯಲ್ಲಿ ತಟ್ಟೆ ಹಿಡಿದು ಅಡ್ಡ ನಿಂತಳು.

"ತಡಿ ಮಗ! ರಾಹುಕಾಲಕ್ಕೆ ಐದ್ ನಿಮ್ಸ ಐತೆ. ಇವ್ರ ಎಳಿಯಾಕೆ ಅರ್ಧ ಗಂಟೆ ಬೇಕು. ಮೊದ್ಲು ತಾಂಬೂಲ, ಆಮ್ಯಾಕೆ ಎಳಿ!"

ಅಜ್ಜಿ ನೆಲದ ಮೇಲೆ ಕೂತಳು. ಈಗ ಇಬ್ಬರ ಮುಖಗಳೂ ಸಮಕ್ಕೆ ಬಂದವು. ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಮೂಗಿನ ಮುಂದೆ ಬಂದು ನಿಂತವು. ಚಾಮಯ್ಯನವರ ಕೈ ಮೇಲೇಳಲಿಲ್ಲ. ತಾಂಬೂಲ ಮುಟ್ಟಿ ಸುಳ್ಳಾಡಿದರೆ ಉಳಿಗಾಲವುಂಟೆ? ಕಣ್ಣಲ್ಲಿ ನೀರೇ ಬಂತು.

"ಬ್ಯಾಡ ಕಣಜ್ಜಿ. ನಾನು ಮೋಸಗಾರ. ಮನೆ ನೋಡಕ್ಕೆ ಬಂದೋನಲ್ಲ. ನಿಮ್ಮನೇಲಿ ನಿಧಿ ಐತೆ ಅಂತ ಬಂದೋನು. ನೀವು ತುಪ್ಪ ಆಕುದ್ರಿ, ನಂಗೆ ತಡ್ಯಕ್ಕಾಗ್ತಿಲ್ಲ. ನನ್ ಎಳ್ದು ಆಚೆ ಆಕ್ಬುಡಿ."

ಧರ್ಮೇಂದ್ರ ಹುಣಸೆಮರದಲ್ಲಿ ಕಾಯಿ ಎಷ್ಟಿವೆ ಎಂದು ನೋಡತೊಡಗಿದ.

"ಮಗಳು ಇರೋದು ಸುಳ್ಳಾ?" ಅಜ್ಜಿ ಕೇಳಿದಳು.

"ಮಗಳು ನಿಜ."

"ಎಸ್ರು?"

"ಅನುಶ್ರೀ."

"ಭೇರ್ಯದ ತಾವ. ಬಿಳಿಕೆರೇಲಿ ಈ ಧರ್ಮೇಂದ್ರಪ್ಪನ ಮನೇಲಿ ನಾವು ನೋಡಿದ್ ಕೂಸು. ತಾಯಿ ಪುಟ್ಟಮಾದಮ್ಮ. ಔದಾ?"

"ಔದು..."

"ನೀವು ಅವ್ಳ ತಂದೆ, ಇದು ಗಂಡಿನ ಮನೆ. ಮೂಲೆ ಮೂಲೆ ನೋಡಿದ್ರಿ, ಉಂಡ್ರಿ. ಇದ್ರಲ್ಲಿ ಮೋಸ ಯಾವ್ದು? ನಂಗೊಂದೂ ಕಾಣ್ತಿಲ್ವಲ್ಲ!"

ಚಾಮಯ್ಯನವರು ಅಜ್ಜಿಯನ್ನು ನೋಡಿದರು, ಶಿವಶಂಕರನನ್ನು ನೋಡಿದರು, ಕೊನೆಗೆ ಮರ ನೋಡುತ್ತಿದ್ದ ಭಾವಮೈದುನನನ್ನು ನೋಡಿದರು. ತಲೆಯೊಳಗೆ ಎಲ್ಲವೂ ಒಂದೊಂದಾಗಿ ಕೂಡಿಕೊಂಡಿತು. ಸಿಟ್ಟು ಬರಬೇಕಿತ್ತು, ಆದರೆ ಅದಕ್ಕೂ ಮೊದಲು ಸಂತೋಷವೇ ನುಗ್ಗಿ ಬಂತು. ಈ ಮನೆ ನಿಜವಾಗಿ ಮಗಳದೇ!

"ಕೊಡಜ್ಜಿ ತಾಂಬೂಲ! ಒತ್ತಾಯ್ತದೆ!" ಎಂದು ಎರಡೂ ಕೈ ಚಾಚಿದರು.

ಸೊಂಟದವರೆಗೆ ನೆಲದಲ್ಲಿ ಹೂತು ತಾಂಬೂಲ ತೆಗೆದುಕೊಂಡ ಬೀಗರು ಆ ತಾಲ್ಲೂಕಿನಲ್ಲಿ ಅವರೇ ಮೊದಲಿರಬೇಕು. ಆಮೇಲೆ ಶಿವಶಂಕರ ತೋಳುಗಳ ಕೆಳಗೆ ಹಗ್ಗ ಹಾಕಿ, "ಮಾವ, ಉಸ್ರು ಒಳಕ್ ಎಳ್ಕೊಳ್ಳಿ" ಎಂದು ಮೆತ್ತಗೆ ಹೇಳಿ ಎಳೆದ. ಅವರ ಜೊತೆಗೆ ಪಂಚೆಯ ಮಡಿಕೆಯಲ್ಲಿ ಎರಡು ಸೇರು ಹಳೇ ರಾಗಿಯೂ ಮೇಲೆ ಬಂತು. ಅಜ್ಜಿ ಅದನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಗಂಡ ಮುಚ್ಚಿಸಿದ ಹಗೇವು. ಜಾಗ ಮರೆತುಹೋಗಿ ಮಕ್ಕಳು ಅಂಗಳವೆಲ್ಲ ಅಗೆದು ಕೈಬಿಟ್ಟಿದ್ದರಂತೆ. ಇಪ್ಪತ್ತೊಂದನ್ನು ತಾನು ಬಾಯಿಗೆ ಬಂದಂತೆ ಬರೆದದ್ದೆಂದು ಧರ್ಮೇಂದ್ರ ಮಾತ್ರ ಬಾಯಿ ಬಿಡಲಿಲ್ಲ.

ಮರುದಿನ ಮನೆ ಸೇರಿದಾಗ ಅನುಶ್ರೀ ಅಪ್ಪನ ಕೈಯಲ್ಲಿದ್ದ ತಾಂಬೂಲದ ಚೀಲ ನೋಡಿ, ಮುಖ ಮುಚ್ಚಿಕೊಂಡು ನಗುತ್ತ ಒಳಗೆ ಓಡಿದಳು. ಚಾಮಯ್ಯನವರು ಜಗಲಿ ಏರಿ ಕಂಬ ತಟ್ಟಿದರು.

"ಅಕ್ಕ ತಮ್ಮ ಸೇರ್ಕೊಂಡು ನಂಗೇ ಟೋಪಿ ಆಕಿದ್ರಾ? ಚಾಮಯ್ಯ ಅಂದ್ರೆ ಯಾರು ಅನ್ಕೊಂಡಿದೀರಿ? ಇನ್ಮುಂದೆ ನನ್ತಾವ ಇಂಥ ಆಟ ನಡಿಯಾಕಿಲ್ಲ!"

ಪುಟ್ಟಮಾದಮ್ಮ ಬಿಸಿನೀರಿನ ಚೊಂಬನ್ನು ಮುಂದಿಟ್ಟು, ಸೊಂಟ ತರಚಿದ ಜಾಗಕ್ಕೆ ಎಣ್ಣೆ ಹಚ್ಚುತ್ತ ಸಮಾಧಾನವಾಗಿ ಹೇಳಿದಳು:

"ನಡಿಯಾಕಿಲ್ಲ ಬುಡಿ. ಆದ್ರೆ ಬರೋ ತಿಂಗ್ಳು ಅವ್ರ ಮನೇಲೇ ಲಗ್ನಪತ್ರಿಕೆ, ಅದ್ರ ಮುಂದಿನ್ ತಿಂಗ್ಳು ಅಲ್ಲೇ ಮದ್ವೆ. ನನ್ ತಮ್ಮನ್ತಾವ ಇದ್ದಿದ್ದು ಇದೊಂದೇ ಕತೆ, ಅದು ಖರ್ಚಾತು. ಮಿಕ್ಕಿದ್ ಎರಡಕ್ಕೂ ಯಾವ್ ನಿಧಿ ಏಳ್ಬೇಕು ಅಂತ ನೀವೇ ಯೋಚ್ನೆ ಮಾಡಿ ಏಳ್ಬುಡಿ. ನಂಗೆ ಪಂಚೆ ಇಸ್ತ್ರಿ ಮಾಡ್ಸೋಕೆ ಟೈಮ್ ಬೇಕು!"