ಕಣ್ಣು ಮುಚ್ಚಿದವರ ಗ್ರೂಪ್ ಫೋಟೋ

ಹೊಸ ಸಾಫ್ಟ್‌ವೇರಿಗೆ ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು ಹೋಯಿತು. ಅದು ಹಳೇ ಕಂಪ್ಯೂಟರಿನಲ್ಲಿ ಕೂರಲು ಒಪ್ಪದ್ದರಿಂದ ಮೆಮೊರಿ ಹಾಕಿಸಲು ಇನ್ನೊಂದು ತಿಂಗಳ ಬಾಡಿಗೆ. ಇಷ್ಟೆಲ್ಲ ಮಾಡಿಕೊಟ್ಟ ಬಾಮೈದ ಮಾತ್ರ ಒಂದು ಕಾಸೂ ಮುಟ್ಟಲಿಲ್ಲ. ಸ್ಮೈಲಪ್ಪನಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ಬಿಟ್ಟಿ ಕೆಲಸ ಮಾಡುವ ಬಾಮೈದನನ್ನು ಅವನು ಆವರೆಗೆ ಕಂಡಿರಲಿಲ್ಲ.

ಸ್ಮೈಲಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ತನ್ನ ಸ್ಟುಡಿಯೋಕ್ಕೆ ಬಂದವರಿಗೆಲ್ಲ ‘ಸ್ಮೈಲ್, ಸ್ಮೈಲ್’ ಎಂದು ದುಂಬಾಲು ಬೀಳುತ್ತಿದ್ದ ಅವನೇ ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

ಅವತ್ತು ಬೆಳಿಗ್ಗೆ ಅವನ ಮುಂದೆ ಇದ್ದದ್ದು ಬೀದಿ ಕೊನೆಯ ಶಾಲೆಯ ಗ್ರೂಪ್ ಫೋಟೋಗಳು. ಆ ಕೆಲಸ ಇದ್ದರೆ ಅಂಗಡಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಸಂಜೆ ಹೆಡ್‌ಮೇಡಂ ತೆಗೆದುಕೊಂಡು ಹೋಗಲು ಬರುವವರಿದ್ದರು. ಮೊದಲೇ ಎಚ್ಚರಿಸಿದ್ದರು: “ಈ ಸಲ ತಡ ಆದ್ರೆ ನಿಮ್ಮ ಎದುರಿನ ಸ್ಟುಡಿಯೋದವರಿಗೆ ಕೊಡ್ತೀನಿ. ಪಾಪ, ಅವರು ಆಗಾಗ ಬಂದು ನಮಸ್ಕಾರ ಹೇಳಿ ಹೋಗ್ತಾರೆ.”

ಫೋಟೋ ಚೆನ್ನಾಗಿಯೇ ಬಂದಿದ್ದವು, ಕಣ್ಣು ಮುಚ್ಚಿದವರನ್ನು ಬಿಟ್ಟರೆ. ಫ್ಲ್ಯಾಶ್ ಹೊಡೆದ ಕ್ಷಣಕ್ಕೆ ಸರಿಯಾಗಿ ಪ್ರತಿ ತರಗತಿಯಲ್ಲೂ ಕಾಲು ಭಾಗ ಮಕ್ಕಳು ಧ್ಯಾನಕ್ಕೆ ಕೂತಿದ್ದರು. ಹೆಡ್‌ಮೇಡಂ ಅಂತೂ ಯಾವ ವರ್ಷವೂ ಕಣ್ಣು ಬಿಟ್ಟವರಲ್ಲ. ಸ್ಮೈಲಪ್ಪನ ಕೈಚಳಕ ಇದ್ದದ್ದೇ ಇಲ್ಲಿ. ಬೇರೆ ಫೋಟೋದಿಂದ ಒಂದು ಜೊತೆ ತೆರೆದ ಕಣ್ಣು ಎತ್ತಿ, ಮುಚ್ಚಿದ ಕಣ್ಣಿನ ಮೇಲೆ ಅಂಟಿಸಿ, ಅಂಚು ಕಾಣದಂತೆ ಉಜ್ಜಿಬಿಡುತ್ತಿದ್ದ. ಹಳೇ ಸಾಫ್ಟ್‌ವೇರಿನಲ್ಲಿ ಇದು ಅಂಗಿಗೆ ಗುಂಡಿ ಹಾಕಿದಷ್ಟು ಸಲೀಸು. ಹೊಸದರಲ್ಲಿ, ಮೌಸ್ ಎಳೆದರೆ ಪರದೆಯ ಮೇಲಿನ ಬಾಣ ಮದುವೆಮನೆಯಿಂದ ಹೊರಟ ಅಜ್ಜಿಯ ಹಾಗೆ ನಿಂತು ನಿಂತು, ಎಲ್ಲರಿಗೂ ಹೇಳಿ ಹೇಳಿ ಹೊರಡುತ್ತಿತ್ತು. ಕಂಪ್ಯೂಟರಿನ ಕೆಂಪು ದೀಪ ಮಾತ್ರ ಬಿಡುವಿಲ್ಲದೆ ಮಿಟುಕುತ್ತಿತ್ತು.

‘ನನ್ನ ಕೆಲಸ ಮಾಡ್ತಿಲ್ಲ,’ ಎಂದುಕೊಂಡ ಸ್ಮೈಲಪ್ಪ. ‘ಹಾಗಾದ್ರೆ ಯಾರ ಕೆಲಸ ಮಾಡ್ತಿದೆ?’

ಪಕ್ಕದಂಗಡಿಯ ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದ. ಕರೆಯದೆ ಬರುವುದು ಅವನ ಗುಣ.

“ಇದು ಕಾಯಿಲೆ ಅಲ್ಲ ಸಾಹೇಬ್ರೇ, ಕೈವಾಡ. ಎದುರಿನ ಸ್ಟುಡಿಯೋದವನು ಬೆಳಿಗ್ಗೆಯಿಂದ ಗಾಜು ಒರೆಸ್ತಾನೇ ಇದಾನೆ. ಗಾಜು ಒರೆಸೋನು ಗಾಜು ನೋಡ್ಬೇಕು, ನಿಮ್ಮ ಅಂಗಡಿ ಯಾಕೆ ನೋಡ್ತಾನೆ?”

ಸ್ಮೈಲಪ್ಪ ಇಣುಕಿದ. ಎದುರಿನವನು ನಗುತ್ತ ಕೈ ಬೀಸಿದ. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

“ಅವನು ಅಲ್ಲಿದಾನೆ, ಕಂಪ್ಯೂಟರ್ ಇಲ್ಲಿದೆ. ಒಳಗೆ ಕೈ ಹಾಕಿದ್ಯಾರು ಹಾಗಾದ್ರೆ?”

“ಹೊಸದು ಹಾಕಿಕೊಟ್ಟಿದ್ಯಾರು?”

“ಬಾಮೈದ.”

“ದುಡ್ಡು ತಗೊಂಡ್ನಾ?”

“ಇಲ್ಲ.”

ಟೈಲರ್, ತಂದ ಬಟ್ಟೆ ಸಾಲದು ಎಂದು ಗಿರಾಕಿಗೆ ಹೇಳುವಾಗಿನ ಮುಖ ಮಾಡಿ ತಲೆಯಾಡಿಸಿದ.

ಅಷ್ಟರಲ್ಲಿ ಮೂಲೆಯ ಔಷಧಿ ಅಂಗಡಿಯವರೂ ಬಂದು ಕಂಪ್ಯೂಟರಿನ ಮೈ ಮುಟ್ಟಿ ನೋಡಿದರು. “ಬಿಸಿ ಇದೆ. ಒಳಗೆ ಏನೋ ಸೇರ್ಕೊಂಡಿದೆ. ಊಟಕ್ಕೆ ಮುಂಚೆ ಎರಡು ಸಲ ಆರಿಸಿ ಹಚ್ಚಿ, ಊಟ ಆದ್ಮೇಲೆ ಎರಡು ಸಲ. ಗಾಳಿ ಆಡೋಕೆ ಬಿಡಿ.”

ಸ್ಮೈಲಪ್ಪ ಆರಿಸಿ ಹಚ್ಚಿದ. ಕೆಂಪು ದೀಪ ಹೊಸ ಹುರುಪಿನಿಂದ ಮಿಟುಕಿತು. ಗಾಳಿಗೆಂದು ಟೇಬಲ್ ಫ್ಯಾನ್ ತಿರುಗಿಸಿದರೆ ಮೇಜಿನ ಮೇಲಿದ್ದ ಶಾಲೆಯ ಮಾದರಿ ಪ್ರಿಂಟುಗಳೆಲ್ಲ ಬೀದಿಗೆ ಹಾರಿದವು. ಓಡಿ ಬಂದು ಹೆಕ್ಕಿಕೊಟ್ಟವನು ಎದುರಿನ ಸ್ಟುಡಿಯೋದವನೇ. ಧೂಳು ಒರೆಸಿ, ಅಂಚು ಕೂಡಿಸಿ ಕೊಟ್ಟು ಹೋದ.

“ಇಷ್ಟು ಒಳ್ಳೇತನ ಒಳ್ಳೇದಲ್ಲ,” ಎಂದ ಟೈಲರ್.

ಮಧ್ಯಾಹ್ನ ಬಾಮೈದ ಅಕ್ಕ ಕೊಟ್ಟ ಬುತ್ತಿ ಹಿಡಿದು ಬಂದವನು, ಪರದೆ ನೋಡುತ್ತಲೇ ನಕ್ಕ.

“ಅಯ್ಯೋ ಭಾವ, ಇದು ಹೊಸ ಸೌಲಭ್ಯ. ನಿಮ್ಮ ಹಳೇ ಫೋಟೋ ಎಲ್ಲ ತೆಗೆದು ಮುಖ ಗುರುತು ಹಿಡೀತಿದೆ. ಒಬ್ಬೊಬ್ಬರದ್ದೂ ಒಂದೊಂದು ಗುಂಪು ಮಾಡುತ್ತೆ. ನೀವು ಆರಿಸಿದಾಗೆಲ್ಲ ಪಾಪ ಮೊದಲಿಂದ ಶುರು ಮಾಡ್ತಿದೆ. ಸ್ವಲ್ಪ ಸರೀರಿ, ನಿಲ್ಲಿಸಿಬಿಡ್ತೀನಿ.”

“ಮುಟ್ಟಬೇಡ.”

“ಯಾಕೆ ಭಾವ?”

“ನನ್ನ ಫೋಟೋದಲ್ಲಿ ಯಾರ್ಯಾರಿದಾರೆ ಅಂತ ತಿಳ್ಕೊಂಡು ಯಾರಿಗೇನಾಗ್ಬೇಕು?”

“ಯಾರಿಗೂ ಹೇಳಲ್ಲ ಭಾವ. ನಿಮಗೇ ತೋರಿಸುತ್ತೆ, ಅಷ್ಟೇ.”

ಟೈಲರ್ ಸ್ಮೈಲಪ್ಪನ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಹೊಲಿಗೆಯಂತ್ರದ ಸದ್ದಿನ ಮೇಲೆ ಪಳಗಿದ್ದರಿಂದ ಬೀದಿಗೆಲ್ಲ ಕೇಳಿತು. “ನಿಲ್ಲಿಸೋ ನೆಪದಲ್ಲಿ ಸಾಕ್ಷಿ ಅಳಿಸ್ತಾನೆ. ಪೂರ್ತಿ ಮುಗೀಲಿ. ಕಳ್ಳ ತಾನೇ ಹೊರಗೆ ಬರ್ತಾನೆ.”

“ಮುಗೀಲಿ,” ಎಂದ ಸ್ಮೈಲಪ್ಪ. “ನೀನು ಅಲ್ಲಿ ಕೂರು. ಏಳಬೇಡ.”

ಬಾಮೈದ ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ಬುತ್ತಿಯನ್ನು ಟೈಲರೂ ಔಷಧಿ ಅಂಗಡಿಯವರೂ ಕಾವಲು ಕಾಯುತ್ತ ಮುಗಿಸಿದರು.

ಹೆಡ್‌ಮೇಡಂ ಒಳಗೆ ಕಾಲಿಡುವುದಕ್ಕೂ ಕೆಂಪು ದೀಪ ಆರುವುದಕ್ಕೂ ಸರಿಹೋಯಿತು. ಸ್ಮೈಲಪ್ಪನಿಗೆ ಹೋದ ಜೀವ ಬಂತು.

“ಬನ್ನಿ ಮೇಡಂ, ಕೂತ್ಕೊಳ್ಳಿ. ಇನ್ನು ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀನಿ.”

ಅವನು ಚಿಟಿಕೆ ಹೊಡೆಯುವ ಮೊದಲೇ ಪರದೆಯ ತುಂಬ ಒಂದು ಕಿಟಕಿ ತೆರೆಯಿತು. ‘ಈ ವ್ಯಕ್ತಿ ನಿಮ್ಮ ಚಿತ್ರಗಳಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡಿದ್ದಾರೆ. ಹೆಸರು ಕೊಡಿ.’

ಕೆಳಗೆ ಅದೇ ಗುಂಪಿನಲ್ಲಿ ಸಾಲಾಗಿ ಮುಖಗಳು. ಒಂದನೇ ತರಗತಿಯ ಹುಡುಗಿಯರು, ಶಾಲೆಯ ಫುಟ್ಬಾಲ್ ತಂಡದ ಗೋಲ್‌ಕೀಪರ್, ಔಷಧಿ ಅಂಗಡಿಯವರು, ಮದುವೆಯ ದಿನದ ಟೈಲರನ ಹೆಂಡತಿ, ಹೋದ ವರ್ಷದ ಫೋಟೋದ ಹೆಡ್‌ಮೇಡಂ. ಎಲ್ಲರ ನಟ್ಟನಡುವೆ, ಮೀಸೆ ಸಮೇತ, ಬಾಮೈದ.

ಎಲ್ಲರೂ ಸ್ಟೂಲಿನ ಕಡೆ ತಿರುಗಿದರು. ಬಾಮೈದ ರೆಪ್ಪೆ ಮಿಟುಕಿಸದೆ ತಿರುಗಿ ನೋಡಿದ.

“ಫ್ಲ್ಯಾಶ್ ಹೊಡೆದ್ರೂ ಕಣ್ಣು ಮುಚ್ಚದೇ ಇರೋನು ಇವನೊಬ್ಬನೇ ಮೇಡಂ,” ಎಂದ ಸ್ಮೈಲಪ್ಪ. ನಿಜ ಹೇಳಿದರೆ ಬಚಾವಾಗಬಹುದು ಎಂದು ಅವನಿಗೆ ತೋರಿತ್ತು. “ಎಲ್ಲರ ಕಣ್ಣಿಗೂ ಎಲ್ಲಿ ಅಂತ ಹುಡುಕ್ಲಿ? ಒಂದು ಜೊತೆ ಚೆನ್ನಾಗಿತ್ತು, ಅದನ್ನೇ...”

“ನನ್ನ ಮುಖದಲ್ಲಿ ಇವನ ಕಣ್ಣಾ?” ಎಂದರು ಹೆಡ್‌ಮೇಡಂ.

“ಇಷ್ಟು ವರ್ಷ ಆಲ್ಬಮ್ ತೆಗೆದು ನಾನು ಪ್ರೀತಿಯಿಂದ ನೋಡ್ತಿದ್ದಿದ್ದು ನಿಮ್ಮ ಬಾಮೈದನ್ನಾ?” ಎಂದ ಟೈಲರ್.

ಹೆಡ್‌ಮೇಡಂ ಉತ್ತರಕ್ಕೆ ಕಾಯಲಿಲ್ಲ. ಎದ್ದು, ಬೀದಿ ದಾಟಿ, ಎದುರಿನ ಸ್ಟುಡಿಯೋ ಹೊಕ್ಕರು. ಒರೆಸಿ ಒರೆಸಿ ಹೊಳೆಯುತ್ತಿದ್ದ ಗಾಜಿನಾಚೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಎದುರಿನವನು ಕೈ ಮುಗಿದ. ಹೆಡ್‌ಮೇಡಂ ಏನೋ ಹೇಳಿದರು. ಆಮೇಲೆ ಅವನು ಬಾಗಿಲಿಗೆ ಬಂದು ಬಾಮೈದನನ್ನು ಕೈಸನ್ನೆ ಮಾಡಿ ಕರೆದ.

“ನೋಡಿದ್ರಾ,” ಎಂದ ಟೈಲರ್. “ಈಗ ಬಯಲಾಯ್ತು.”

ಬಾಮೈದ ಹೋದ. ಗಾಜಿನಾಚೆ ಒಮ್ಮೆ ಫ್ಲ್ಯಾಶ್ ಮಿಂಚಿತು. ಅವನು ತಿರುಗಿ ಬಂದದ್ದು ಬುತ್ತಿಯ ಡಬ್ಬಿ ಒಯ್ಯಲು.

“ಶಾಲೆ ಕೆಲಸ ಅವರಿಗೆ ಕೊಟ್ರು ಭಾವ. ಮಕ್ಕಳಿಗೆ ಅವರವರ ಕಣ್ಣೇ ಇರ್ಬೇಕಂತೆ.”

“ಮತ್ತೆ ನಿನ್ನನ್ಯಾಕೆ ಕರೆದ್ರು?”

“ಮೇಡಂದು ಮಾತ್ರ ಹೋದ ವರ್ಷದ ಹಾಗೇ ಇರ್ಲಿ ಅಂದ್ರು. ಅವರ ಮನೇಲಿ ಎಲ್ಲರೂ ಕಣ್ಣು ಬಹಳ ಚೆನ್ನಾಗಿ ಬಂದಿದೆ ಅಂದಿದ್ರಂತೆ.” ಬಾಮೈದ ಸಂಕೋಚದಿಂದ ಡಬ್ಬಿ ತಿರುಗಿಸಿದ. “ಎದುರಿನವರು ನಾಳೆಯಿಂದ ಕೆಲಸಕ್ಕೇ ಬಾ ಅಂತಿದಾರೆ. ಸಂಬಳ ಕೊಡ್ತಾರಂತೆ ಭಾವ. ನೀವು ಹೇಗೂ ಮೌಸ್ ಮುಟ್ಟೋಕೆ ಬಿಡಲ್ಲ.”

ಟೈಲರ್ ಆಲ್ಬಮ್ ನೋಡಲು ಮನೆಗೆ ಹೋದ. ಔಷಧಿ ಅಂಗಡಿಯವರು ಕನ್ನಡಿ ಹುಡುಕಿಕೊಂಡು ಹೋದರು.

ಸ್ಮೈಲಪ್ಪ ಒಬ್ಬನೇ ಕೂತು ಮೌಸ್ ಎಳೆದ. ಬಾಣ ಎಣ್ಣೆ ಹಚ್ಚಿದಂತೆ ಜಾರಿತು. ಸಾಫ್ಟ್‌ವೇರ್ ಸರಿಹೋಗಿತ್ತು. ಶಾಲೆಯ ಕೆಲಸ ಹೋಗಿತ್ತು, ಬಾಮೈದನೂ ಹೋಗಿದ್ದ.